ಕರಿಮೂತಿಯ ರಕ್ತ

ಜನವರಿ 6

ಚೂಟಿಗೆ ಚಿಕ್ಕಪ್ಪನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಚಿಕ್ಕಮ್ಮ, ಕುರಿಗಳು, ಎಲ್ಲರೂ ಕ್ಷೇಮ. ನೀನು ಹೋದಾಗಿನಿಂದ ಚಿಕ್ಕಮ್ಮನಿಗೆ ಜಗಳಕ್ಕೆ ಜನ ಸಾಲದು. ಎಲ್ಲವೂ ನನ್ನ ಪಾಲಿಗೇ ಬೀಳುತ್ತಿದೆ.

ಫೋನು ಮಾಡಬೇಡ, ಕಾಗದ ಬರೆ. ಫೋನಿನಲ್ಲಿ ಆಡಿದ್ದು ನನ್ನೊಬ್ಬನ ಕಿವಿಗೆ ಬಿದ್ದು ಅಲ್ಲೇ ಸಾಯುತ್ತದೆ. ಕಾಗದವಾದರೆ ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಓದಬಹುದು. ನಿನ್ನೆ ಅಲ್ಲಿ ಹೇಳಿದೆ, "ನಮ್ಮಣ್ಣನ ಮಗಳು ಆಸ್ಪತ್ರೆ ಲ್ಯಾಬಲ್ಲಿ ರೋಗಾಣು ಹಿಡಿಯೋದು ಕಲೀತಿದಾಳೆ" ಅಂತ. ಆ ಲಾರಿ ಡ್ರೈವರ್ ಇದ್ದಾನಲ್ಲ, "ಹಿಡಿದು ಏನ್ ಮಾಡ್ತಾರಂತೆ, ಸಾಕ್ತಾರಾ?" ಅಂದ. ಎಲ್ಲರೂ ಹಲ್ಲು ಕಿರಿದರು. ನಾನು ಬಿಡುತ್ತೇನೆಯೇ? "ಹೂಂ ಕಣಯ್ಯ, ಸಾಕ್ತಾರೆ. ನಮ್ಮ ಕುರಿ ರಕ್ತ ಹಾಕಿ ಸಾಕ್ತಾರೆ" ಅಂದೆ.

ಸುಳ್ಳೇನಲ್ಲವಲ್ಲ. ತಿಂಗಳಿಗೊಮ್ಮೆ ನಾನು ಗಾಡಿಯಲ್ಲಿ ಕುರಿ ತಂದು ಲ್ಯಾಬಿನ ಹಿಂದಿನ ಶೆಡ್ಡಿನಲ್ಲಿ ಮೊಣಕಾಲಿನ ನಡುವೆ ಹಿಡಿದು ನಿಲ್ಲದಿದ್ದರೆ, ಅದರ ಕತ್ತಿನ ನರದಿಂದ ನಿಮ್ಮವರು ರಕ್ತ ಎಳೆದುಕೊಳ್ಳದಿದ್ದರೆ, ನಿಮ್ಮ ಲ್ಯಾಬಿಗೆ ಬೀಗವೇ ಗತಿ. ದೊಡ್ಡ ಡಾಕ್ಟರು ನನ್ನನ್ನು ಕಂಡ ಕೂಡಲೇ ಕುರ್ಚಿಯಿಂದ ಏಳುತ್ತಾರೆ. (ಬೆನ್ನುನೋವಿಗೆ ಏಳುತ್ತಾರೆ ಎಂದು ನಿನ್ನ ಚಿಕ್ಕಮ್ಮನ ಅಭಿಪ್ರಾಯ.) ನಿನ್ನನ್ನು ಈ ಆರು ತಿಂಗಳ ತರಬೇತಿಗೆ ಸೇರಿಸಿದವನೂ ನಾನೇ ಎನ್ನುವುದನ್ನು ಮರೆಯಬೇಡ. "ನಮ್ಮ ಹುಡುಗಿ ಸಾರ್, ನನ್ನಷ್ಟೇ ಚುರುಕು" ಎಂದು ಒಂದೇ ಮಾತು ಹೇಳಿದೆ. ಅವರು ನಿನ್ನ ಅಂಕಪಟ್ಟಿಯನ್ನೂ ಒಂದು ಸಲ ನೋಡಿರಬಹುದು, ಇಲ್ಲವೆನ್ನಲಾರೆ.

ನಿಮ್ಮಪ್ಪ ಇದ್ದಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದ. ಅವನ ಪಾಲಿನ ಹಿಗ್ಗನ್ನೂ ನಾನೇ ಹಿಗ್ಗುತ್ತಿದ್ದೇನೆ.

ಇಂತಿ,
ಏಳನೇ ಕ್ಲಾಸಿನಲ್ಲಿ ಇಡೀ ಶಾಲೆಗೆ ಮೊದಲನೆಯವನಾಗಿ ಬಂದ (ಪರೀಕ್ಷೆಗೆ ಕೂತವನು ಒಬ್ಬನೇ ಆದರೇನು)
ನಿನ್ನ ಚಿಕ್ಕಪ್ಪ


ಜನವರಿ 20

ಚಿಕ್ಕಪ್ಪನಿಗೆ ನಮಸ್ಕಾರ.

ಇಲ್ಲಿ ನನ್ನ ಹೆಸರು ಆಗಲೇ "ಕುರಿ ಹುಡುಗಿ" ಎಂದಾಗಿದೆ. ನಿಮ್ಮ ಕೃಪೆ.

ಇಲ್ಲಿನ ಕೆಲಸ ಹೇಗೆಂದು ಹೇಳುತ್ತೇನೆ. ಒಂದು ಹಿಡಿಕೆಗೆ ಸಿಕ್ಕಿಸಿದ ಸಣ್ಣ ತಂತಿ, ಅದರ ತುದಿಯಲ್ಲಿ ಸಾಸಿವೆಯಷ್ಟು ಕುಣಿಕೆ. ಅದೇ ನಮ್ಮ ಲೇಖನಿ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಬೇಕು, ಹಳೆಯ ರೋಗಾಣು ಒಂದೂ ಉಳಿಯಬಾರದು. ಆಮೇಲೆ ಆರಲು ಬಿಡಬೇಕು. ಆತುರಪಟ್ಟು ಬಿಸಿ ತಂತಿಯನ್ನೇ ರೋಗಿಯಿಂದ ತೆಗೆದ ಮಾದರಿಗೆ ಅದ್ದಿದರೆ ಹುಡುಕಬೇಕಾದ ರೋಗಾಣುವೇ ಸುಟ್ಟುಹೋಗುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಇದು ಎಂದು ನಮ್ಮ ಹಿರಿಯ ಟೆಕ್ನಿಷಿಯನ್ ಮೊದಲ ದಿನವೇ ಹೆದರಿಸಿದರು. ಎಲ್ಲದಕ್ಕೂ ಗಡಿಯಾರ ನೋಡುವುದರಿಂದ ಅವರಿಗೆ ನಾವಿಟ್ಟ ಹೆಸರು ಗಡಿಯಾರದಮ್ಮ.

ಮಾದರಿಯನ್ನು ನಿಮ್ಮ ಕುರಿಯ ರಕ್ತ ಬೆರೆಸಿ ಹೆಪ್ಪುಗಟ್ಟಿಸಿದ ತಟ್ಟೆಯ ಮೇಲೆ ಗೆರೆ ಎಳೆದು ಹಚ್ಚುತ್ತೇವೆ. ಕಾವುಪೆಟ್ಟಿಗೆಯಲ್ಲಿಟ್ಟರೆ ಮರುದಿನ ಕಣಕಣವಾಗಿ ಬೆಳೆದಿರುತ್ತದೆ. ಗಂಟಲಿಗೆ, ಗಾಯಕ್ಕೆ ಬರುವ ಒಂದು ಜಾತಿಯಿದೆ, ಸೂಕ್ಷ್ಮದರ್ಶಕದಲ್ಲಿ ಮಣಿಸರದ ಹಾಗೆ ಸಾಲಾಗಿ ಕಾಣುತ್ತದೆ. ತಟ್ಟೆಯಲ್ಲಿ ಅದು ಸುತ್ತಲಿನ ರಕ್ತವನ್ನೆಲ್ಲ ತಿಂದು ತನ್ನ ಸುತ್ತ ಗಾಜಿನ ಹಾಗೆ ತಿಳಿ ಮಾಡಿಕೊಳ್ಳುತ್ತದೆ. ಬೆಳಕಿಗೆ ಹಿಡಿದರೆ ಎಷ್ಟು ಚೆಂದ ಗೊತ್ತಾ? ಎಷ್ಟು ಕೆಟ್ಟದ್ದು ಎಂದು ಮರೆತೇಹೋಗುತ್ತದೆ.

ಒಂದು ಮುಖ್ಯವಾದ ಮಾತು. ಔಷಧ ಚುಚ್ಚಿಸಿಕೊಂಡ ಕುರಿಯ ರಕ್ತ ಬರಬಾರದಂತೆ. ಕನಿಷ್ಠ ಒಂದು ತಿಂಗಳಾದರೂ ದಾಟಿರಬೇಕಂತೆ. ರಕ್ತದಲ್ಲಿ ಉಳಿದ ಔಷಧ ತಟ್ಟೆಗೂ ಬರುತ್ತದೆ, ಬೆಳೆಯಬೇಕಾದ್ದು ಬೆಳೆಯುವುದಿಲ್ಲ. ನಿಮಗೆ ಹೇಳಿರುತ್ತಾರೆ. ಆದರೂ ಪಾಠದಲ್ಲಿ ಬಂತು, ಬರೆದೆ.

ಚಿಕ್ಕಮ್ಮನಿಗೆ ಹೇಳಿ, ಊಟ ಸರಿಯಾಗಿ ಮಾಡುತ್ತಿದ್ದೇನೆ.

ನಿಮ್ಮ,
ಚೂಟಿ


ಫೆಬ್ರವರಿ 8

ಚೂಟಿಗೆ ಆಶೀರ್ವಾದ.

ನಿನ್ನ ಕಾಗದ ಟೀ ಅಂಗಡಿಯಲ್ಲಿ ಎರಡು ಸಲ ಓದಿಸಿಕೊಂಡಿತು. ಮಣಿಸರದ ಜಾಗ ಬಂದಾಗ ಲಾರಿ ಡ್ರೈವರ್ ಗಂಟಲು ಮುಟ್ಟಿಕೊಂಡ. "ನನಗೂ ಇರಬಹುದಾ ಯಜಮಾನ್ರೇ?" ಅಂದ. ಬಾಯಿ ತೆರೆಸಿ, ಬೆಳಕಿಗೆ ತಿರುಗಿಸಿ, ಗಂಭೀರವಾಗಿ ನೋಡಿ, "ಸರ ಇಲ್ಲ, ಬರೀ ಲಾಕೆಟ್ ಇದೆ" ಅಂದೆ. ಎರಡು ದಿನ ಮಾತು ಬಿಟ್ಟಿದ್ದ.

ನಾನು ಐದನೇ ತಾರೀಕು ಬಂದಿದ್ದೆ. ನೀನು ಕಿಟಕಿಯ ಒಳಗಿಂದ ಕೈ ಬೀಸಿದ್ದನ್ನು ಕಂಡೆ. ಬಿಳಿ ಕೋಟು ನಿನ್ನ ಮೈಮೇಲೆ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಹೊಲಿಸಿಕೊಳ್ಳಬಾರದೇ?

ಈ ಸಲವೂ ಕರಿಮೂತಿಯನ್ನೇ ತಂದಿದ್ದೆ. ಬೇರೆಯವು ಸೂಜಿ ಕಂಡರೆ ಒದೆಯುತ್ತವೆ. ಕರಿಮೂತಿ ಮಾತ್ರ ಫೋಟೋ ತೆಗೆಸಿಕೊಳ್ಳುವ ಹಾಗೆ ನಿಲ್ಲುತ್ತದೆ. ಹಿಂದಿನ ವಾರ ಅದರ ಗೊರಸು ಊದಿ, ಕೀವು ತುಂಬಿ, ಕುಂಟುತ್ತಿತ್ತು. ನಿನ್ನ ಚಿಕ್ಕಮ್ಮ "ಇದನ್ನ ಬಿಡಿ, ಬೇರೆ ತಗೊಂಡ್ ಹೋಗಿ" ಅಂದಳು. ನಾನು ಕೈ ಇಟ್ಟೆ ನೋಡು, ಮೂರನೇ ದಿನಕ್ಕೆ ಮದುಮಗನ ಹಾಗೆ ನಡೆಯಿತು. ದೊಡ್ಡ ಡಾಕ್ಟರು ಅದರ ಬೆನ್ನು ಸವರಿ "ಒಳ್ಳೇ ಗಟ್ಟಿ ಪ್ರಾಣಿ" ಅಂದರು. ಕೈಗುಣ ಅನ್ನುವುದು ಇದೆಯಮ್ಮ, ಅದು ಪುಸ್ತಕದಿಂದ ಬರುವುದಿಲ್ಲ.

ಇಂತಿ,
ಕೈಗುಣದವನಾದ ಚಿಕ್ಕಪ್ಪ


ಫೆಬ್ರವರಿ 22

ಚಿಕ್ಕಪ್ಪನಿಗೆ ನಮಸ್ಕಾರ.

ಈ ಕಾಗದ ದಯವಿಟ್ಟು ಟೀ ಅಂಗಡಿಯಲ್ಲಿ ಓದಬೇಡಿ.

ಹೊಸ ತಟ್ಟೆಗಳನ್ನು ಮಾಡಿದಾಗಲೆಲ್ಲ, ಅವು ಸರಿಯಿವೆಯೇ ಎಂದು ನೋಡಲು ಗೊತ್ತಿರುವ ರೋಗಾಣುವನ್ನೇ ಒಮ್ಮೆ ಹಚ್ಚಿ ಪರೀಕ್ಷಿಸುತ್ತಾರೆ. ಆ ಕೆಲಸ ನನಗೆ ಕೊಟ್ಟರು. ಮಣಿಸರದ ಜಾತಿಯನ್ನು ಹಚ್ಚಿದೆ. ಮರುದಿನ ತಟ್ಟೆ ಖಾಲಿ. ಗಡಿಯಾರದಮ್ಮ ತಟ್ಟೆಯನ್ನು ನೋಡಲೂ ಇಲ್ಲ, ನನ್ನ ಕೈ ನೋಡಿದರು. "ತಂತಿ ಆರೋಕೆ ಬಿಟ್ಯಾ?" "ಬಿಟ್ಟೆ ಮೇಡಂ." "ಬಿಟ್ಟಿದ್ರೆ ಬೆಳೀತಿತ್ತಲ್ಲ. ಸುಟ್ಟಿದೀಯ." ಮತ್ತೆ ಹಚ್ಚಿದೆ. ಮತ್ತೆ ಖಾಲಿ. ಈಗ ಜೊತೆಯವರು ನನ್ನನ್ನು "ಸುಡುಗೈ" ಎನ್ನುತ್ತಾರೆ. ಕುರಿ ಹುಡುಗಿಯೇ ವಾಸಿಯಿತ್ತು.

ತಟ್ಟೆಗಳು ಮಾತ್ರ ಬಳಕೆಗೆ ಹೋದವು. ತಪ್ಪು ನನ್ನ ಕೈಯದು ಎಂದಾದ ಮೇಲೆ ತಟ್ಟೆಯನ್ನು ಯಾರು ಕೇಳುತ್ತಾರೆ?

ನನ್ನ ಕೋಟನ್ನು ಮೈಯಳತೆಗೆ ಚಿಕ್ಕದು ಮಾಡಿಕೊಟ್ಟ ಹೊಲಿಗೆಯಾಕೆ, ಆಸ್ಪತ್ರೆಯ ಎದುರು ಬೀದಿಯಲ್ಲಿ ಮಿಷನ್ ಇಟ್ಟುಕೊಂಡವರು, ಬೆರಳಿಗೆ ಸೂಜಿ ಚುಚ್ಚಿ ಕೈ ಊದಿಸಿಕೊಂಡು ಬಂದರು. ಗಾಯದ ಹತ್ತಿಕಡ್ಡಿ ನನ್ನ ಮೇಜಿಗೇ ಬಂತು. ಗಾಜಿನ ಮೇಲೆ ಸವರಿ ನೇರಳೆ ಬಣ್ಣ ಹಾಕಿ ನೋಡಿದೆ. ಮಣಿಸರ, ಚಿಕ್ಕಪ್ಪ, ಸ್ಪಷ್ಟವಾಗಿ. ಗಡಿಯಾರದಮ್ಮನನ್ನು ಕರೆದೆ. ಅವರು ಒಂದು ಕ್ಷಣ ಬಗ್ಗಿ, "ಬಣ್ಣದ ಗಸಿ ಅದು. ತಟ್ಟೆಯಲ್ಲಿ ಬರಲಿ, ನೋಡೋಣ" ಎಂದರು. ತಟ್ಟೆಯಲ್ಲಿ ಬೇರೊಂದು ಸಾಧಾರಣ ಜಾತಿ ಬೆಳೆಯಿತು, ಸರ ಬೆಳೆಯಲಿಲ್ಲ. ಬೆಳೆದದ್ದನ್ನೇ ವರದಿ ಬರೆದರು. ವಾರ್ಡಿನ ಡಾಕ್ಟರು ಕೊಡುತ್ತಿದ್ದ ಔಷಧ ನಿಲ್ಲಿಸಿ, ವರದಿಯಲ್ಲಿದ್ದುದಕ್ಕೆ ತಕ್ಕ ಹಾಗೆ ಬೇರೆ ಬರೆದರಂತೆ.

ನಾನು ಕಂಡದ್ದು ಗಸಿಯಲ್ಲ. ಯಾರಿಗೆ ಹೇಳಲಿ?

ಚೂಟಿ


ಮಾರ್ಚ್ 1

ಚೂಟಿಗೆ ಆಶೀರ್ವಾದ.

ಓದಲಿಲ್ಲ. ಆದರೆ ಓದದೇ ಇರುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ. "ಕಾಗದ ಬಂತಂತೆ, ಪೋಸ್ಟ್‌ಮ್ಯಾನ್ ಹೇಳ್ದ" ಎಂದು ಎಲ್ಲರೂ ಕಾದು ಕೂತಿದ್ದರು. "ರಹಸ್ಯದ ಸಂಶೋಧನೆ, ಹೊರಗೆ ಬಿಡೋ ಹಾಗಿಲ್ಲ" ಎಂದು ಹೇಳಿ ಮರ್ಯಾದೆ ಉಳಿಸಿಕೊಂಡೆ.

ಆ ಗಡಿಯಾರಕ್ಕೆ ನನ್ನ ಹೆಸರು ಹೇಳು. ತಂತಿ ಬೇಗ ಆರದಿದ್ದರೆ ಉಫ್ ಎಂದು ಊದಿ ಆರಿಸು, ಇಷ್ಟಕ್ಕೆಲ್ಲ ಅಳುತ್ತಾರೆಯೇ? ಮುಂದಿನ ವಾರ ಕುರಿ ತಂದಾಗ ದೊಡ್ಡ ಡಾಕ್ಟರ ಕಿವಿಯಲ್ಲಿ ಒಂದು ಮಾತು ಹಾಕುತ್ತೇನೆ.

ಇಂತಿ,
ನಿನ್ನ ಬೆನ್ನಿಗಿರುವ ಚಿಕ್ಕಪ್ಪ


ಮಾರ್ಚ್ 12

ಚಿಕ್ಕಪ್ಪನಿಗೆ ನಮಸ್ಕಾರ.

ಊದಿದರೆ ನನ್ನ ಬಾಯಿಯ ರೋಗಾಣುಗಳೆಲ್ಲ ತಂತಿಗೆ ಬರುತ್ತವೆ. ಅದಿರಲಿ.

ಹೊಲಿಗೆಯಾಕೆಯ ಬಲಗೈಯ ಮೂರು ಬೆರಳು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದಿವೆ.

ನಾನು ಒಂದು ವಿಷಯ ಯೋಚಿಸಿದೆ. ನನ್ನ ತಂತಿ ಬಿಸಿಯಿದ್ದರೆ ಎಲ್ಲ ಜಾತಿಯೂ ಸುಡಬೇಕಲ್ಲವೇ? ಉಳಿದವೆಲ್ಲ ಬೆಳೆಯುತ್ತವೆ, ಸೂಕ್ಷ್ಮವಾದ ಈ ಮಣಿಸರ ಮಾತ್ರ ಬೆಳೆಯುವುದಿಲ್ಲ. ಬೆಂಕಿ ಜಾತಿ ನೋಡಿ ಸುಡುವುದಿಲ್ಲ. ಜಾತಿ ನೋಡಿ ಕೊಲ್ಲುವುದು ಔಷಧ. ಜನವರಿಯ ತಟ್ಟೆಗಳಲ್ಲಿ ಬೆಳೆಯುತ್ತಿತ್ತು. ಕರಿಮೂತಿಯ ಗೊರಸು ಊದಿದ ಮೇಲೆ ನಿಂತಿತು.

ಗೊರಸನ್ನು ಹೇಗೆ ವಾಸಿ ಮಾಡಿದಿರಿ ಚಿಕ್ಕಪ್ಪ? ಸೂಜಿ ಹಾಕಿದಿರಾ? ಮೊನ್ನೆ ತಂದಾಗಲೂ ಹಾಕಿದ್ದಿರಾ?

ಕೋಪದಿಂದ ಕೇಳುತ್ತಿಲ್ಲ. ತಿಂಗಳ ಕೊನೆಯೊಳಗೆ ನನ್ನ ಕೈ ಸರಿಹೋಗದಿದ್ದರೆ ತರಬೇತಿಯಿಂದ ತೆಗೆದು ಮನೆಗೆ ಕಳಿಸುತ್ತೇವೆ ಎಂದು ದೊಡ್ಡ ಡಾಕ್ಟರು ಎಲ್ಲರ ಮುಂದೆ ಹೇಳಿದ್ದಾರೆ. "ಹೌದು" ಎಂದು ನೀವು ಅವರಿಗೆ ಒಂದು ಸಾಲು ಬರೆದರೆ ಸಾಕು. ಆ ತಟ್ಟೆಗಳನ್ನು ಇವತ್ತೂ ಬಳಸುತ್ತಿದ್ದಾರೆ. ದಿನಾ ಜನ ಬರುತ್ತಿದ್ದಾರೆ.

ಒಂದೇ ಸಾಲು.

ಚೂಟಿ


ಮಾರ್ಚ್ 19

ಚೂಟಿಗೆ.

ಕಾಗದ ತಲುಪಿತು. ಚಿಕ್ಕಮ್ಮನಿಗೆ ಮಂಡಿ ನೋವು. ಕೊಟ್ಟಿಗೆಯ ಬಾಗಿಲು ಮುರಿದಿತ್ತು, ಹೊಸದು ಹಾಕಿಸಿದೆ. ಬಡಗಿ ಅಳತೆ ತಪ್ಪಿದ, ನಾನೇ ನಿಂತು ಸರಿ ಮಾಡಿಸಿದೆ. ಒಂದು ಕುರಿ ಅವಳಿ ಮರಿ ಹಾಕಿದೆ.

ಎಂಟನೇ ತಾರೀಕು ಬಂದಿದ್ದೆ. ನೀನು ಕಿಟಕಿಗೆ ಬರಲಿಲ್ಲ. ಶೆಡ್ಡಿನಲ್ಲಿ ಗಾಜಿನ ಮಣಿ ಹಾಕಿದ ಸೀಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಅಲುಗಾಡಿಸುವವನು ಇದ್ದಾನಲ್ಲ, ಅವನು ನನ್ನನ್ನು ನೋಡಿ "ನಿಮ್ಮ ಹುಡುಗಿ ಕೈ ಬಿಸಿ ಅಂತೆ" ಎಂದು ನಕ್ಕ. ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ನಾನು ಸೇರಿಸಿದ ಹುಡುಗಿ ನೀನು. ನನ್ನ ಮಾನ ನಿನ್ನ ಕೈಯಲ್ಲಿದೆ ಎಂಬ ಜ್ಞಾನವಿರಲಿ.

ಕುರಿ ಸಾಕುವುದನ್ನು ನೀನು ನನಗೆ ಹೇಳಿಕೊಡಬೇಕಾಗಿಲ್ಲ. ನೀನು ಹುಟ್ಟುವ ಮೊದಲೇ ಸಾಕಿದವನು. ನಿನ್ನನ್ನೂ ಸಾಕಿದವನು. ಕಲಿಯಲು ಹೋದವಳು ಕಲಿಯಬೇಕು. ಕೈ ಸರಿಯಿಲ್ಲದವರು ಕುರಿಯ ಮೇಲೆ ಹೇಳುವುದು ಸುಲಭ, ಕುರಿಗೆ ಬಾಯಿಲ್ಲ.

ಚಿಕ್ಕಮ್ಮ ನಿನ್ನ ಕಾಗದ ಕೇಳಿದಳು. ಕಳೆದುಹೋಯಿತು ಎಂದಿದ್ದೇನೆ.

ಇಂತಿ,
ನಿನ್ನ ಚಿಕ್ಕಪ್ಪ


ಏಪ್ರಿಲ್ 2

ಚಿಕ್ಕಪ್ಪನಿಗೆ.

ನೀವು ಬರೆಯದ ಸಾಲನ್ನು ಕರಿಮೂತಿಯೇ ಬರೆಯಿತು. ಹೇಗೆಂದು ಹೇಳುತ್ತೇನೆ, ನಿಮಗೆ ಇಂಥದ್ದು ಇಷ್ಟ.

ಔಷಧಕ್ಕೆ ರೋಗಾಣು ಸಾಯುತ್ತದೆಯೇ ಎಂದು ನೋಡಲು ಗುಂಡಗೆ ಕತ್ತರಿಸಿದ ಕಾಗದದ ಬಿಲ್ಲೆಯನ್ನು ಔಷಧದಲ್ಲಿ ಅದ್ದಿ ತಟ್ಟೆಯ ಮೇಲಿಡುತ್ತೇವೆ. ಸಾಯುವುದಾದರೆ ಬಿಲ್ಲೆಯ ಸುತ್ತ ಉಂಗುರದ ಹಾಗೆ ಖಾಲಿ ಜಾಗ ಉಳಿಯುತ್ತದೆ. ಫ್ರಿಜ್ಜಿನ ಮೂಲೆಯಲ್ಲಿ ಜನವರಿಯ ತಟ್ಟೆಗಳು ಒಂದೆರಡು ಉಳಿದಿದ್ದವು, ಅಂಚು ಒಣಗಿದ್ದರೂ ಕೆಟ್ಟಿರಲಿಲ್ಲ. ಒಂದರ ತುಂಬ ಮಣಿಸರವನ್ನು ಹಚ್ಚಿದೆ. ಒಂದು ಬಿಲ್ಲೆಗೆ ಬರೀ ನೀರು, ಒಂದು ಬಿಲ್ಲೆಗೆ ನೀವು ಮಾರ್ಚ್ ಎಂಟಕ್ಕೆ ತಂದ ಕರಿಮೂತಿಯ ರಕ್ತ. ಮರುದಿನ ತೆರೆದೆ. ನೀರಿನ ಬಿಲ್ಲೆಯ ಬುಡದವರೆಗೂ ಬೆಳೆದಿತ್ತು. ರಕ್ತದ ಬಿಲ್ಲೆಯ ಸುತ್ತ ಉಂಗುರ, ಅಂದರೆ ಆ ಸಲವೂ ಸೂಜಿ ಬಿದ್ದಿತ್ತು. ಅಳೆಯಬೇಕಾಗಿಯೇ ಇರಲಿಲ್ಲ. ಬಾಗಿಲಲ್ಲಿ ನಿಂತವರಿಗೂ ಕಾಣುತ್ತಿತ್ತು.

ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟೆ. ಬಹಳ ಹೊತ್ತು ನೋಡಿದರು. "ಇದು ಯಾರ ಕುರಿ?" ಎಂದರು. ಗೊತ್ತಿದ್ದೂ ಕೇಳಿದರು. "ನನ್ನ ಚಿಕ್ಕಪ್ಪನದು" ಎಂದೆ. "ಅವರಿಗೆ ನಿಯಮ ಗೊತ್ತಿರಲಿಲ್ಲವಾ?" ಎಂದರು. ಆ ಒಂದು ಕ್ಷಣದಲ್ಲಿ, ಚಿಕ್ಕಪ್ಪ, "ಗೊತ್ತಿರಲಿಲ್ಲ ಸಾರ್, ಓದಿದವರಲ್ಲ" ಎಂದುಬಿಡಬಹುದಿತ್ತು. ನಿಮ್ಮನ್ನು ದಡ್ಡ ಎಂದರೆ ನಿಮಗೆ ಹೆಚ್ಚು ನೋವೋ, ಮೋಸಗಾರ ಎಂದರೆ ಹೆಚ್ಚು ನೋವೋ ಎಂದು ನನಗೆ ತಿಳಿಯಲಿಲ್ಲ. "ಗೊತ್ತಿತ್ತು. ನಾನೇ ಬರೆದಿದ್ದೆ" ಎಂದೆ.

ತಟ್ಟೆಗಳನ್ನೆಲ್ಲ ಎಸೆದರು. ಗಡಿಯಾರದಮ್ಮ "ತಟ್ಟೆ ಒಂದ್ಸಲ ನೋಡಿ ಅಂತ ನಾನು ಮೊದಲೇ ಅಂದಿದ್ದೆ" ಎಂದು ಎಲ್ಲರಿಗೂ ಹೇಳುತ್ತಿದ್ದಾರೆ. ನನ್ನನ್ನು ತರಬೇತಿಯಲ್ಲಿ ಉಳಿಸಿಕೊಂಡಿದ್ದಾರೆ. ಹೊರಗೆ ಯಾರಿಗೂ ಹೇಳಬಾರದು ಎಂದು ದೊಡ್ಡ ಡಾಕ್ಟರು ಹೇಳಿದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ರಸ್ತೆ ದಾಟಿ ಹೋಗಿ ಹೊಲಿಗೆಯಾಕೆಗೆ ಹೇಳಿದೆ. ಅವರು ಎಡಗೈಯಲ್ಲಿ ದಾರ ಪೋಣಿಸಲು ನೋಡುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, "ಕುರಿ ಈಗ ಚೆನ್ನಾಗಿದೆಯಾ?" ಎಂದರು. ಅಣಕಿಸಿದರೋ ನಿಜವಾಗಿ ಕೇಳಿದರೋ ಗೊತ್ತಾಗಲಿಲ್ಲ. "ಚೆನ್ನಾಗಿದೆ" ಎಂದೆ. "ಸದ್ಯ" ಎಂದರು. ಆಮೇಲೆ ಸೂಜಿಯನ್ನು ನನ್ನ ಕೈಗೆ ಕೊಟ್ಟು, ಪೋಣಿಸಿಕೊಡು ಎಂದರು. ಪೋಣಿಸಿಕೊಟ್ಟು ಬಂದೆ.

ಇನ್ನು ಕುರಿ ತರಬೇಡಿ. ನನ್ನನ್ನು ನೋಡಲೂ ಬರಬೇಡಿ.

ಚೂಟಿ


ಜುಲೈ 14

ಚೂಟಿಗೆ ಚಿಕ್ಕಪ್ಪನ ಆಶೀರ್ವಾದ.

ನಿನ್ನ ಕೊನೆಯ ಕಾಗದ ಬಂದ ಮೇಲೆ ಇದು ನನ್ನ ಮೂರನೆಯ ಕಾಗದ. ಮೊದಲಿನೆರಡರಲ್ಲಿ ನಿನ್ನನ್ನು ಬೈದಿದ್ದೆ, ತಲುಪದಿದ್ದರೆ ಒಳ್ಳೆಯದು.

ನೀನು ಬೇಡ ಎಂದರೂ ಏಪ್ರಿಲ್‌ನಲ್ಲಿ ಬಂದೆ, ಬಿಡುವವನೇ ನಾನು? ಕರಿಮೂತಿಯ ಮೈ ತೊಳೆದು ಒರೆಸಿ ತಂದಿದ್ದೆ. ಗೇಟಿನವನು ಒಳಗೆ ಬಿಡಲಿಲ್ಲ. "ಡಾಕ್ಟ್ರು ಬೇಡ ಅಂದಿದಾರೆ" ಎಂದ. "ನಾನು ಯಾರು ಗೊತ್ತಾ?" ಎಂದೆ. "ಗೊತ್ತು, ಅದಕ್ಕೇ" ಎಂದ. ಒಳ್ಳೆಯ ಉತ್ತರ. ನನಗೇ ಹೊಳೆಯಬೇಕಿತ್ತು. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತೆವು, ನಾನೂ ಕುರಿಯೂ. ನಿನ್ನ ಕಿಟಕಿಗೆ ಪರದೆ ಹಾಕಿತ್ತು.

ಇಲ್ಲಿ ಎಲ್ಲರಿಗೂ ಲ್ಯಾಬಿನವರ ಸಹವಾಸ ಬೇಡವೆಂದು ನಾನೇ ನಿಲ್ಲಿಸಿದೆ ಎಂದು ಹೇಳಿದ್ದೇನೆ. ಚಿಕ್ಕಮ್ಮ ನಂಬಲಿಲ್ಲ. ಅವಳು ನನ್ನೊಡನೆ ಜಗಳವಾಡುವುದನ್ನೇ ಬಿಟ್ಟಿದ್ದಾಳೆ. ಮನೆಯಲ್ಲಿ ಎಷ್ಟು ಸದ್ದಿಲ್ಲ ಗೊತ್ತಾ, ಕುರಿಗಳು ಮೆಲುಕು ಹಾಕುವುದು ಜಗಲಿಯವರೆಗೆ ಕೇಳಿಸುತ್ತದೆ.

ನೀನು ಪಾಸಾದ ಸುದ್ದಿ ಆ ಗೇಟಿನವನೇ ಫೋನಿನಲ್ಲಿ ಹೇಳಿದ. ಮೊದಲನೆಯವಳಂತೆ. ಅಲ್ಲಿಯೇ ಕೆಲಸಕ್ಕೂ ತೆಗೆದುಕೊಂಡರಂತೆ. ಆ ಹೊಲಿಗೆಯಾಕೆ ಈಗ ಏನು ಮಾಡುತ್ತಾರೆ ಎಂದು ನಾನು ಅವನನ್ನು ಕೇಳಲಿಲ್ಲ. ನಿನ್ನನ್ನೂ ಕೇಳುತ್ತಿಲ್ಲ.

ಮೊನ್ನೆ ಟೀ ಅಂಗಡಿಯಲ್ಲಿ ಲಾರಿ ಡ್ರೈವರ್, "ಏನ್ ಯಜಮಾನ್ರೇ, ಕಾಗದಾನೇ ಇಲ್ಲ. ಮಗಳು ಮರೆತಳಾ?" ಎಂದ. ಸುಮ್ಮನೆ ಎದ್ದು ಬರಬೇಕಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತು. "ಮರೆಯೋದಾ? ದೊಡ್ಡ ಡಾಕ್ಟರಿಗೇ ಸಿಗದ ತಪ್ಪನ್ನ ಹಿಡಿದಿದಾಳೆ ಕಣಯ್ಯ" ಎಂದುಬಿಟ್ಟೆ. ಶುರುವಾದ ಮೇಲೆ ನಿಲ್ಲಿಸಲು ಬರುತ್ತದೆಯೇ? ಎಲ್ಲ ಹೇಳಿದೆ. ತಂತಿ, ತಟ್ಟೆ, ನಿನ್ನನ್ನು ಸುಡುಗೈ ಎಂದದ್ದು, ಬೆಂಕಿ ಜಾತಿ ನೋಡಿ ಸುಡುವುದಿಲ್ಲ ಎಂದು ನೀನು ಯೋಚಿಸಿದ್ದು, ಎರಡು ಬಿಲ್ಲೆ, ಉಂಗುರ. ಟೀ ಗ್ಲಾಸಿನ ತಳ ಮೇಜಿಗೆ ಒತ್ತಿ ಉಂಗುರ ಹೇಗಿತ್ತೆಂದು ತೋರಿಸಿದೆ. ಟೀ ಅಂಗಡಿಯವನು ಒಲೆಯ ಹತ್ತಿರದಿಂದ ಎದ್ದು ಬಂದು ಕೇಳಿದ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾವ ಕಥೆಯನ್ನೂ ಹೇಳಿಲ್ಲ.

ಲಾರಿ ಡ್ರೈವರ್ ಕೇಳಿದ, "ಅಲ್ಲ, ಸೂಜಿ ಹಾಕಿದ ಕುರಿ ತಂದ ಆ ನನ್ಮಗ ಯಾರು?"

"ಯಾರೋ ಒಬ್ಬ. ಬೇರೆ ಕಡೆಯವನು" ಎಂದೆ.

"ಗೊತ್ತಿಲ್ಲದೆ ಮಾಡಿದನಾ?"

"ಗೊತ್ತಿತ್ತು."

ಆಗ ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು ಬೈದರು. ಕಟುಕ ಎಂದರು, ನೀಚ ಎಂದರು, ಅವನ ಕೈಗೇ ಹುಳ ಬೀಳಲಿ ಎಂದರು. ನಾನು ಗ್ಲಾಸು ನೋಡುತ್ತಾ ಕೂತಿದ್ದೆ. ಲಾರಿ ಡ್ರೈವರ್ ನನ್ನ ಭುಜ ಅಲುಗಿಸಿ, "ನೀವ್ಯಾಕೆ ಸುಮ್ನಿದೀರಿ? ನಿಮ್ಮ ಕಸುಬಿನ ಮಾನ ಕಳೆದನಲ್ಲ, ನಿಮ್ಮ ಹುಡುಗಿಯನ್ನೇ ಮನೆಗೆ ಕಳಿಸ್ತಿದ್ದನಲ್ಲ. ನೀವೂ ಒಂದ್ ಮಾತು ಹೇಳಿ" ಎಂದ. ಎಲ್ಲರೂ ನನ್ನ ಮುಖ ನೋಡಿದರು.

ಬೈದೆ, ಚೂಟಿ. ಒಂದು ಮಾತಿಗೆ ನಿಲ್ಲಲಿಲ್ಲ. ಅವನ ಜಂಬ ಹಿಡಿದು ಬೈದೆ, ಅವನ ಕೈಗುಣ ಹಿಡಿದು ಬೈದೆ, ಸಾಕಿದ್ದನ್ನು ಎತ್ತಿ ಆಡಿದ ಅವನ ನಾಲಿಗೆ ಹಿಡಿದು ಬೈದೆ. ಕೊನೆಕೊನೆಗೆ ಬೇರೆಯವರೇ, "ಆಯ್ತು ಬಿಡಿ ಯಜಮಾನ್ರೇ, ಸಾಕು" ಎಂದರು. ನನ್ನಷ್ಟು ಚೆನ್ನಾಗಿ ಅಲ್ಲಿ ಯಾರಿಗೂ ಬೈಯಲು ಬರಲಿಲ್ಲ.

ಇಂತಿ,
ಚಿಕ್ಕಪ್ಪ